ಫೋರ್ಕ್ ಬಿಚ್ಚಿದ ಮೇಲೆ ತಿಳಿದದ್ದು: ದಪ್ಪ ಆಯಿಲ್ ಎಲ್ಲದಕ್ಕೂ ಮದ್ದಲ್ಲ

ಬೈಕಿನ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಹೊಟ್ಟೆಯಿಂದ ಡ್ಯಾಂಪರ್ ರಾಡ್ (ಫೋರ್ಕಿನ ಓಟಕ್ಕೆ ತಡೆ ಕೊಡುವ ಸರಳು) ತೆಗೆದು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನಗು ಬಂತು. ಇಷ್ಟೇನಾ? ಒಂದು ಸಣಕಲು ಕೊಳವೆ. ಬುಡದ ಹತ್ತಿರ ಕೆಲವು ತೂತು, ತಲೆಯ ಹತ್ತಿರ ಇನ್ನೂ ಸಣ್ಣ ಒಂದೆರಡು ತೂತು, ತಲೆಗೆ ಸುತ್ತಿದ ಒಂದು ರಿಂಗ್. ಅಷ್ಟೇ. ‘ಟೆಲಿಸ್ಕೋಪಿಕ್ ಸಸ್ಪೆನ್ಷನ್’ ಅಂತ ದೊಡ್ಡ ಹೆಸರಿಟ್ಟುಕೊಂಡು ಓಡಾಡುವ ಫೋರ್ಕಿನ ಗುಟ್ಟೆಲ್ಲ ಈ ತೂತುಗಳಲ್ಲಿದೆ.

ಆದರೆ ಆ ತೂತುಗಳನ್ನು ಕಂಡ ಮೇಲೆಯೇ ನನ್ನ ತಲೆಯಲ್ಲಿದ್ದ ಒಂದು ಹಳೇ ಗಂಟು ಬಿಚ್ಚಿಕೊಂಡಿತು. ನನ್ನ ಗಾಡಿಯ ಮುಂಭಾಗಕ್ಕೆ ಎರಡು ಕಾಯಿಲೆ ಇತ್ತು. ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು. ಚೂಪು ಅಂಚಿನ ಗುಂಡಿಗೆ ಬಿದ್ದರೆ ಮಾತ್ರ ಮಣಿಕಟ್ಟಿಗೆ ಸುತ್ತಿಗೆ ಏಟು. ಒಂದೇ ಫೋರ್ಕ್ ಅಷ್ಟು ಮೆತ್ತಗೂ ಇಷ್ಟು ಗಟ್ಟಿಯಾಗಿಯೂ ಇರೋದು ಹೇಗೆ? ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ದಪ್ಪ ಆಯಿಲ್ ಹಾಕಿ ನೋಡಿ. ಹಾಕಿದೆ. ಮೂತಿ ಬಗ್ಗುವುದು ಒಂಚೂರು ನಿಧಾನವಾಯಿತು. ಏಟು ಮಾತ್ರ ಇನ್ನೂ ಜೋರಾಯಿತು.

ಹಾಗಾಗಿ ಫೋರ್ಕ್ ಬಿಚ್ಚುವುದು ಹೇಗೆ ಎನ್ನುವುದಕ್ಕಿಂತ ಮೊದಲು, ಒಳಗೆ ಏನಾಗುತ್ತಿದೆ ಎನ್ನುವುದನ್ನು ಹೇಳುತ್ತೇನೆ. ಅದು ತಿಳಿಯದೆ ಸ್ಪ್ಯಾನರ್ ಹಿಡಿದರೆ ಕೊನೆಗೆ ಸಿಗುವುದು ಹೊಸ ಆಯಿಲ್ ಇರುವ ಅದೇ ಹಳೇ ಫೋರ್ಕ್.

ಒಳಗೆ ಮೂವರು ಕೆಲಸಗಾರರು

ಇಲ್ಲಿ ಹೇಳುತ್ತಿರುವುದು ಮಾಮೂಲಿ ಫೋರ್ಕ್ ಬಗ್ಗೆ. ಹೊಳೆಯುವ ಕ್ರೋಮ್ ಟ್ಯೂಬ್ ಮೇಲೆ ಇರುತ್ತದೆ, ಅದು ಹ್ಯಾಂಡಲ್ ಕೆಳಗಿನ ಎರಡು ಕ್ಲಾಂಪ್‌ಗಳಲ್ಲಿ ಬಿಗಿಯಾಗಿ ಕೂತಿರುತ್ತದೆ. ಕೆಳಗೆ ಅಲ್ಯೂಮಿನಿಯಂ ಕಾಲು, ಅದಕ್ಕೆ ಚಕ್ರದ ಆಕ್ಸಲ್. ಚಕ್ರ ಮೇಲೆ ಬಂದಂತೆ ಕಾಲು ಟ್ಯೂಬ್ ಮೇಲೆ ಜಾರುತ್ತದೆ. ಆಯಿಲ್‌ನಿಂದ ಡ್ಯಾಂಪ್ ಮಾಡಿದ, ಅಂದರೆ ಪುಟಿಯುವುದನ್ನು ತಡೆಯುವ ಇಂಥ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟಕ್ಕೆ ಬಂದ ಬೈಕಿನಲ್ಲಿ ಮೊದಲು ಹಾಕಿದ್ದು 1935ರಲ್ಲಿ, ಬಿಎಂಡಬ್ಲ್ಯು ಆರ್12ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂಲ ಲೆಕ್ಕ ಹೆಚ್ಚು ಬದಲಾಗಿಲ್ಲ.

ಒಳಗೆ ಕೆಲಸ ಮಾಡುವವರು ಮೂವರು. ಸ್ಪ್ರಿಂಗ್, ಆಯಿಲ್, ಗಾಳಿ. ಮೂವರ ಸ್ವಭಾವ ಬೇರೆ ಬೇರೆ.

ಸ್ಪ್ರಿಂಗ್‌ಗೆ ಗೊತ್ತಿರುವುದು ಒಂದೇ ವಿಷಯ: ತಾನು ಎಷ್ಟು ಕುಗ್ಗಿದ್ದೇನೆ. ಎಷ್ಟು ವೇಗವಾಗಿ ಕುಗ್ಗಿಸಿದರು ಅನ್ನುವುದು ಅದಕ್ಕೆ ಬೇಡ. ಆಯಿಲ್ ಇದಕ್ಕೆ ಉಲ್ಟಾ. ಫೋರ್ಕ್ ಎಷ್ಟು ಒಳಗೆ ಹೋಗಿದೆ ಎನ್ನುವುದು ಅದಕ್ಕೆ ಬೇಕಿಲ್ಲ, ಎಷ್ಟು ಜೋರಾಗಿ ಹೋಗುತ್ತಿದೆ ಎನ್ನುವುದು ಮುಖ್ಯ. ನಿಂತ ಬೈಕಿನಲ್ಲಿ ಆಯಿಲ್ ಒಂದು ಗ್ರಾಂ ಭಾರವನ್ನೂ ಎತ್ತಿ ಹಿಡಿಯುವುದಿಲ್ಲ. ಗಾಳಿಯನ್ನು ಬಹಳ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆಯಿಲ್ ಮೇಲೆ ಉಳಿದ ಜಾಗದಲ್ಲಿ ಸಿಕ್ಕಿಕೊಂಡ ಗಾಳಿ ಕೂಡ ಒಂದು ಸ್ಪ್ರಿಂಗ್. ಬಾಯ್ಲ್ ನಿಯಮ ಶಾಲೆಯಲ್ಲಿ ಓದಿದ್ದೇವಲ್ಲ: ಜಾಗ ಅರ್ಧಕ್ಕೆ ಇಳಿದರೆ ಒತ್ತಡ ಎರಡು ಪಟ್ಟು, ಮೂರನೇ ಒಂದು ಭಾಗಕ್ಕೆ ಇಳಿದರೆ ಮೂರು ಪಟ್ಟು. ಅಂದರೆ ಫೋರ್ಕ್ ಶುರುವಿನಲ್ಲಿ ಕುಗ್ಗುವಾಗ ಗಾಳಿ ಇದೆಯೋ ಇಲ್ಲವೋ ಎನ್ನುವ ಹಾಗಿರುತ್ತದೆ, ಕೊನೆಯ ಭಾಗದಲ್ಲಿ ತಟ್ಟನೆ ಗಟ್ಟಿಯಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಯಿಲ್ ಮಟ್ಟ ಅಳೆಯುವಾಗ ಮತ್ತೆ ಬೇಕಾಗುತ್ತದೆ.

ಈಗ ತೂತುಗಳ ಕಥೆ. ಡ್ಯಾಂಪರ್ ರಾಡ್ ಕೆಳಗಿನ ಕಾಲಿಗೆ ಒಂದು ಬೋಲ್ಟ್‌ನಿಂದ ಭದ್ರವಾಗಿ ಕೂತಿರುತ್ತದೆ, ಹಾಗಾಗಿ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ. ಅದರ ತಲೆ ಕ್ರೋಮ್ ಟ್ಯೂಬಿನ ಒಳಗೆ ಜಾರುತ್ತಿರುತ್ತದೆ. ಚಕ್ರ ಮೇಲೆ ಬಂದಾಗ ಕಾಲಿನ ತಳದಲ್ಲಿರುವ ಆಯಿಲ್‌ಗೆ ಜಾಗ ಸಾಲುವುದಿಲ್ಲ. ಅದು ರಾಡಿನ ಬುಡದ ತೂತುಗಳ ಮೂಲಕ ಒಳಗೆ ನುಗ್ಗಿ ಮೇಲೆ ಹೋಗಬೇಕು. ಇದು ಕಂಪ್ರೆಷನ್. ಚಕ್ರ ವಾಪಸ್ ಕೆಳಗಿಳಿಯುವಾಗ ರಾಡಿನ ತಲೆಗೂ ಟ್ಯೂಬಿನ ಬುಡಕ್ಕೂ ನಡುವೆ ಸಿಕ್ಕ ಆಯಿಲ್ ಮೇಲಿನ ಸಣ್ಣ ತೂತುಗಳಿಂದ ತೂರಿಕೊಂಡು ಹೊರಬರಬೇಕು. ಇದು ರಿಬೌಂಡ್. ಕುಗ್ಗಿದ ಸ್ಪ್ರಿಂಗ್ ಚೆಂಡಿನ ಹಾಗೆ ಪುಟಿಯದಂತೆ ತಡೆಯುವುದು ಈ ಸಣ್ಣ ತೂತುಗಳು.

ಹಾಗಾದರೆ ತೊಂದರೆ ಎಲ್ಲಿದೆ? ಬಕೆಟ್ ನೀರಿಗೆ ಕೈಯನ್ನು ನಿಧಾನ ಇಳಿಸಿ ನೋಡಿ. ಏನೂ ಅನ್ನಿಸುವುದಿಲ್ಲ. ಅದೇ ನೀರಿಗೆ ಅಂಗೈ ಬಿಚ್ಚಿ ಹೊಡೆಯಿರಿ, ಉರಿಯುತ್ತದೆ. ತೂತಿನಲ್ಲಿ ಆಯಿಲ್ ನುಗ್ಗುವುದೂ ಹೆಚ್ಚುಕಮ್ಮಿ ಹೀಗೇ. ವೇಗ ಎರಡು ಪಟ್ಟಾದರೆ ತಡೆಯುವ ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ವೇಗ ಹತ್ತು ಪಟ್ಟಾದರೆ ಬಲ ನೂರು ಪಟ್ಟು. ವರ್ಗದ ಲೆಕ್ಕ.

ಬ್ರೇಕ್ ಹಿಡಿದಾಗ ಫೋರ್ಕ್ ಬಗ್ಗುವುದು ನಿಧಾನದ ಚಲನೆ. ಆಗ ಆಯಿಲ್ ತೂತಿನಲ್ಲಿ ಆರಾಮಾಗಿ ಹರಿದು ಹೋಗುತ್ತದೆ, ತಡೆಯೇ ಇಲ್ಲ. ಗುಂಡಿಯ ಚೂಪು ಅಂಚು ಚಕ್ರವನ್ನು ಅದರ ಹತ್ತಾರು ಪಟ್ಟು ವೇಗದಲ್ಲಿ ಮೇಲಕ್ಕೆ ಎಸೆಯುತ್ತದೆ. ಆಗ ಆಯಿಲ್ ಆ ತೂತಿನಲ್ಲಿ ಹೋಗಲಾರದೆ ಕಲ್ಲಾಗುತ್ತದೆ. ಏಟು ನೇರ ಮಣಿಕಟ್ಟಿಗೆ. ನನ್ನ ಎರಡು ಕಾಯಿಲೆಗೂ ಮೂಲ ಒಂದೇ ತೂತು ಅಂತಾಯಿತು. ದಪ್ಪ ಆಯಿಲ್ ಏಕೆ ಕೈಕೊಟ್ಟಿತು ಅನ್ನುವುದೂ ಇಲ್ಲೇ ಇದೆ. ಅದು ನಿಧಾನದ ಚಲನೆಯಲ್ಲಿ ಚೂರು ಸಹಾಯ ಮಾಡಿತು, ವೇಗದ ಚಲನೆಯಲ್ಲಿ ಮೊದಲೇ ಜಾಸ್ತಿ ಇದ್ದ ತಡೆಗೆ ಇನ್ನಷ್ಟು ಸೇರಿಸಿತು.

ಪ್ರೀಲೋಡ್ ಅನ್ನುವ ತಪ್ಪು ತಿಳಿವಳಿಕೆ

ಇನ್ನೊಂದು ಸಲಹೆಯೂ ಸಿಗುತ್ತದೆ: ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಕೂರಿಸುವುದು) ಜಾಸ್ತಿ ಮಾಡಿ, ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಆಗುವುದಿಲ್ಲ. ಇದನ್ನು ಲೆಕ್ಕ ಹಾಕಿಯೇ ನೋಡೋಣ.

ಒಂದೊಂದು ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 0.8 ಕೆಜಿ ಬೇಕು ಅಂದುಕೊಳ್ಳಿ. ಎರಡು ಕಾಲು ಸೇರಿ 1.6 ಕೆಜಿ. ಸವಾರ ಕೂತಾಗ ಫೋರ್ಕಿನ ಮೇಲೆ 80 ಕೆಜಿ ಬೀಳುತ್ತದೆ ಅನ್ನಿ. ಹಾಗಾದರೆ ಸ್ಪ್ರಿಂಗ್ ಒಟ್ಟು 50 ಮಿ.ಮೀ. ಕುಗ್ಗಲೇಬೇಕು. ಮೇಲಿನ ಮುಚ್ಚಳ ಹಾಕುವಾಗಲೇ ನಾವು ಅದನ್ನು 15 ಮಿ.ಮೀ. ಒತ್ತಿ ಕೂರಿಸಿದ್ದರೆ, ಬೈಕ್ ಬಗ್ಗುವುದು ಉಳಿದ 35 ಮಿ.ಮೀ. ಮಾತ್ರ. ಪ್ರೀಲೋಡ್ 25 ಮಾಡಿದರೆ ಬಗ್ಗುವುದು 25. ಬೈಕ್ ಎತ್ತರ ನಿಂತಿತು, ಅಷ್ಟೇ. ಬ್ರೇಕ್ ಹಿಡಿದಾಗ ಇನ್ನೊಂದು 80 ಕೆಜಿ ಬಂದು ಬಿದ್ದರೆ, ಎರಡೂ ಸಲ ಅದು ಇನ್ನೂ 50 ಮಿ.ಮೀ. ಬಗ್ಗುತ್ತದೆ. ಗಟ್ಟಿತನ ಬದಲಾಗಲೇ ಇಲ್ಲ, ಅಲ್ವಾ?

ಅದೇ 0.95 ಕೆಜಿಯ ಸ್ಪ್ರಿಂಗ್ ಹಾಕಿದರೆ ಎರಡೂ ಸೇರಿ 1.9. ಆ 80 ಕೆಜಿ ಬ್ರೇಕ್ ಭಾರಕ್ಕೆ ಈಗ ಸುಮಾರು 42 ಮಿ.ಮೀ. ಮಾತ್ರ ಬಗ್ಗುತ್ತದೆ. ಗಾಳಿಯನ್ನೂ ಫೋರ್ಕಿನ ಓರೆಯನ್ನೂ ಬಿಟ್ಟು ಮಾಡಿದ ಸರಳ ಲೆಕ್ಕ ಇದು, ಆದರೆ ದಾರಿ ತೋರಿಸಲು ಸಾಕು. ಮೂತಿ ಬಗ್ಗುವುದಕ್ಕೆ ಮದ್ದು ನಿಮ್ಮ ತೂಕಕ್ಕೆ ಹೊಂದುವ ಸ್ಪ್ರಿಂಗ್. ಗುಂಡಿ ಏಟಿಗೆ ಮದ್ದು ಆಯಿಲ್ ಹರಿಯುವ ದಾರಿಯನ್ನು ಬದಲಿಸುವುದು. ಎರಡು ರೋಗ, ಎರಡು ಮದ್ದು. ದುಡ್ಡು ಒಂದಕ್ಕೇ ಇದ್ದರೆ ಮೊದಲು ಸ್ಪ್ರಿಂಗ್ ಅಂತ ನಾನು ಹೇಳುತ್ತೇನೆ. ತಪ್ಪು ಸ್ಪ್ರಿಂಗ್ ಮೇಲೆ ಎಂಥ ವಾಲ್ವ್ ಹಾಕಿದರೂ ದಂಡ.

ಬಿಚ್ಚುವ ಮೊದಲೇ ಮಾಡಬೇಕಾದದ್ದು

ಫೋರ್ಕ್ ಕೆಲಸದಲ್ಲಿ ಅರ್ಧ ಜಾಣತನ ಇರುವುದು ಕ್ರಮದಲ್ಲಿ. ಯಾವ ಬೋಲ್ಟನ್ನು ಯಾವಾಗ ಸಡಿಲ ಮಾಡುತ್ತೀರಿ ಅನ್ನುವುದರ ಮೇಲೆ ಇಡೀ ದಿನ ನಿಂತಿದೆ.

ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಎಷ್ಟು, ಆಯಿಲ್ ಮಟ್ಟ ಎಷ್ಟು ಎನ್ನುವುದನ್ನು ಊಹೆ ಮಾಡಬಾರದು. ಟ್ಯೂಬ್ ಮೇಲಿನ ಕ್ಲಾಂಪಿನಿಂದ ಎಷ್ಟು ಮಿ.ಮೀ. ಹೊರಗೆ ಬಂದಿದೆ ಅಂತ ಅಳೆದು ಬರೆದುಕೊಳ್ಳಿ. ಕೆಲವೇ ಮಿ.ಮೀ. ವ್ಯತ್ಯಾಸ ಬಂದರೂ ಬೈಕ್ ತಿರುಗುವ ರೀತಿ ಬದಲಾಗುತ್ತದೆ.

ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ಸಡಿಲ ಮಾಡಿ. ಆಮೇಲೆ ಮೇಲಿನ ಕ್ಲಾಂಪಿನ ಬೋಲ್ಟ್ ಮಾತ್ರ ಸಡಿಲಿಸಿ, ಕೆಳಗಿನ ಕ್ಲಾಂಪ್ ಬಿಗಿಯಾಗಿರುವಾಗಲೇ ಫೋರ್ಕಿನ ತಲೆಯ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಬಿಡಿ. ಮುಚ್ಚಳ ಪೂರ್ತಿ ತೆಗೆಯಬೇಡಿ. ಇದನ್ನು ಮರೆತು ಫೋರ್ಕನ್ನು ಹೊರಗೆ ತೆಗೆದರೆ ಗುಂಡಗಿನ ನುಣುಪು ಟ್ಯೂಬನ್ನು ವೈಸಿನಲ್ಲಿ ಹಿಡಿಯಲು ಒದ್ದಾಡಬೇಕು. ಕ್ರೋಮ್ ಮೇಲೆ ವೈಸಿನ ಹಲ್ಲಿನ ಗುರುತು ಬಿತ್ತು ಅಂದರೆ ಆಯಿಲ್ ಸೋರದಂತೆ ತಡೆಯುವ ಸೀಲ್ ಹೋಯಿತು ಅಂತಲೇ ಅರ್ಥ. ಮೇಲಿನ ಕ್ಲಾಂಪ್ ಸಡಿಲಿಸದೆ ಮುಚ್ಚಳಕ್ಕೆ ಬಲ ಹಾಕುವುದೂ ತಪ್ಪೇ. ಕ್ಲಾಂಪ್ ಹಿಚುಕಿ ಹಿಡಿದಿರುವುದರಿಂದ ಮುಚ್ಚಳದ ಮರೆಗಳು (ಥ್ರೆಡ್) ಕಚ್ಚಿಕೊಂಡಿರುತ್ತವೆ.

ಈಗ ಬೈಕನ್ನು ಎತ್ತಿ ನಿಲ್ಲಿಸಿ. ಮುಂದಿನ ಚಕ್ರ ಗಾಳಿಯಲ್ಲಿರಬೇಕು, ಬೈಕ್ ಯಾವ ಕಡೆಗೂ ಅಲುಗಬಾರದು. ಸೈಡ್ ಸ್ಟ್ಯಾಂಡ್ ನಂಬಿ ಈ ಕೆಲಸಕ್ಕೆ ಇಳಿಯಬೇಡಿ. ಎಂಜಿನ್ ಅಥವಾ ಫ್ರೇಮ್ ಕೆಳಗೆ ಗಟ್ಟಿ ಆಧಾರ, ಮೇಲಿನಿಂದ ಕಟ್ಟಿದ ಬೆಲ್ಟ್ ಎರಡೂ ಇದ್ದರೆ ನಿಶ್ಚಿಂತೆ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿ, ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಕ್ಯಾಲಿಪರ್ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡ್‌ಗಳು ಮುಂದೆ ಬಂದು ಕಚ್ಚಿಕೊಳ್ಳುತ್ತವೆ. ಚಕ್ರ, ಮಡ್‌ಗಾರ್ಡ್ ತೆಗೆದ ಮೇಲೆ ಕೆಳಗಿನ ಕ್ಲಾಂಪ್ ಸಡಿಲಿಸಿ, ಟ್ಯೂಬನ್ನು ಸ್ವಲ್ಪ ತಿರುಚುತ್ತಾ ಕೆಳಗೆ ಎಳೆದರೆ ಫೋರ್ಕ್ ಕೈಗೆ ಬರುತ್ತದೆ.

ಇಲ್ಲಿ ನಿಲ್ಲಿ. ಮೊದಲ ಸಲ ನಾನು ಎಡವಿದ್ದು ಇಲ್ಲೇ.

ಉತ್ಸಾಹದಲ್ಲಿ ಮುಚ್ಚಳ ತೆಗೆದು, ಸ್ಪ್ರಿಂಗ್ ಎಳೆದು, ಆಯಿಲ್ ಚೆಲ್ಲಿ, ಆಮೇಲೆ ಕಾಲಿನ ತಳದಲ್ಲಿರುವ ಅಲೆನ್ ಬೋಲ್ಟ್ ತಿರುಗಿಸಲು ಹೋದೆ. ಬೋಲ್ಟ್ ತಿರುಗಿತು. ತಿರುಗುತ್ತಲೇ ಇತ್ತು. ಒಳಗಿನ ಡ್ಯಾಂಪರ್ ರಾಡ್ ಅದರ ಜೊತೆಗೇ ಗಿರಗಿರ ಸುತ್ತುತ್ತಿತ್ತು. ಸ್ಪ್ರಿಂಗ್ ಒಳಗಿದ್ದಾಗ ಅದು ರಾಡಿನ ತಲೆಯನ್ನು ಒತ್ತಿ ಹಿಡಿದಿರುತ್ತದೆ. ಹಾಗಾಗಿ ತಳದ ಬೋಲ್ಟನ್ನು ಮುಚ್ಚಳ ತೆಗೆಯುವ ಮೊದಲೇ ಒಮ್ಮೆ ಸಡಿಲ ಮಾಡಿಕೊಳ್ಳಬೇಕು. ಯಾರಾದರೂ ಫೋರ್ಕನ್ನು ಒತ್ತಿ ಹಿಡಿದರೆ ಒಳಗಿನ ಹಿಡಿತ ಇನ್ನೂ ಬಿಗಿಯಾಗುತ್ತದೆ. ಇಂಪ್ಯಾಕ್ಟ್ ಗನ್ ಇದ್ದರೆ ಇನ್ನೂ ಸುಲಭ. ನನ್ನ ಹಾಗೆ ಸ್ಪ್ರಿಂಗ್ ತೆಗೆದುಬಿಟ್ಟಿದ್ದರೆ, ತುದಿ ಚೂಪು ಮಾಡಿದ ಉದ್ದ ಮರದ ಕೋಲನ್ನು ಮೇಲಿನಿಂದ ರಾಡಿನ ತಲೆಗೆ ಬಿಗಿಯಾಗಿ ಒತ್ತಿ ಹಿಡಿದು ಪ್ರಯತ್ನಿಸಬಹುದು. ಪೊರಕೆ ಕೋಲೊಂದು ನನ್ನ ಮಾನ ಉಳಿಸಿತು. ಬೋಲ್ಟ್ ಸಡಿಲವಾದರೆ ಸಾಕು, ಪೂರ್ತಿ ತೆಗೆದರೆ ಆಯಿಲ್ ಎಲ್ಲ ನಿಮ್ಮ ಪಾದದ ಮೇಲೆ.

ಇನ್ನು ಮುಚ್ಚಳ. ಅದರ ಕೆಳಗೆ ಕುಗ್ಗಿದ ಸ್ಪ್ರಿಂಗ್ ಇದೆ. ಕೊನೆಯ ಮರೆ ಬಿಟ್ಟ ತಕ್ಷಣ ಮುಚ್ಚಳ ಹಾರುತ್ತದೆ. ಮುಖವನ್ನು ಮೇಲೆ ಬಗ್ಗಿಸಬೇಡಿ, ಕನ್ನಡಕ ಹಾಕಿ, ಅಂಗೈಯಿಂದ ಬಲವಾಗಿ ಒತ್ತಿಕೊಂಡೇ ತಿರುಗಿಸಿ. ಪ್ರೀಲೋಡ್ ಅಡ್ಜಸ್ಟರ್ ಇದ್ದರೆ ಅದನ್ನು ಮೊದಲೇ ಪೂರ್ತಿ ಸಡಿಲ ಮಾಡಿಕೊಳ್ಳಿ. ಉಲ್ಟಾ ಫೋರ್ಕ್ (ಕ್ರೋಮ್ ಟ್ಯೂಬ್ ಕೆಳಗಿರುವುದು) ಅಥವಾ ಕಾರ್ಟ್ರಿಜ್ ಇರುವ ಫೋರ್ಕ್ ಆದರೆ ಮುಚ್ಚಳ ಒಳಗಿನ ಸರಳಿಗೆ ಸೇರಿಕೊಂಡಿರುತ್ತದೆ, ಅದಕ್ಕೆ ಸ್ಪ್ರಿಂಗ್ ಒತ್ತಿ ಹಿಡಿಯುವ ಉಪಕರಣ ಬೇಕು. ಆ ಕೆಲಸದ ಕ್ರಮವೇ ಬೇರೆ.

ಹೊಟ್ಟೆಯೊಳಗೆ

ಮುಚ್ಚಳ, ಕೊಳವೆಯಂಥ ಸ್ಪೇಸರ್, ವಾಷರ್, ಆಮೇಲೆ ಸ್ಪ್ರಿಂಗ್. ಸ್ಪ್ರಿಂಗಿನ ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿದ್ದರೆ ಅದು ಮೇಲಿತ್ತೋ ಕೆಳಗಿತ್ತೋ ನೋಡಿಕೊಳ್ಳಿ. ಫೋರ್ಕನ್ನು ತಲೆಕೆಳಗೆ ಮಾಡಿ, ಕಾಲನ್ನು ಪಂಪಿನ ಹಾಗೆ ಮೇಲೆ ಕೆಳಗೆ ಆಡಿಸಿ ಆಯಿಲ್ ಸುರಿಯಿರಿ. ವರ್ಷಗಟ್ಟಲೆ ಬದಲಿಸದ ಆಯಿಲ್ ಬೂದಿ ಬಣ್ಣಕ್ಕೆ ತಿರುಗಿ, ವಾಸನೆ ಹೊಡೆಯುತ್ತಿರುತ್ತದೆ. ಅದರಲ್ಲಿ ಮಿಂಚುವ ಪುಡಿ ಬುಷ್‌ಗಳು (ಟ್ಯೂಬ್ ಜಾರಲು ಹಾಕಿದ ಬಳೆಗಳು) ಮತ್ತು ಅಲ್ಯೂಮಿನಿಯಂ ಸವೆದದ್ದು.

ಈಗ ತಳದ ಬೋಲ್ಟ್ ಪೂರ್ತಿ ತೆಗೆಯಿರಿ. ಅದರ ಜೊತೆ ಒಂದು ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಬರುತ್ತದೆ. ಅದು ಆಯಿಲ್ ಸೋರದಂತೆ ಹಿಸುಕಿಕೊಂಡು ಕೂರುವ ವಾಷರ್, ಹಾಗಾಗಿ ಪ್ರತಿ ಸಲ ಹೊಸದೇ ಹಾಕಬೇಕು. ಆಮೇಲೆ ಕಾಲಿನ ಬಾಯಿಂದ ಡಸ್ಟ್ ಸೀಲನ್ನು ಮೆಲ್ಲಗೆ ಎಬ್ಬಿಸಿ, ಅದರ ಕೆಳಗಿನ ತಂತಿಯಂಥ ಕ್ಲಿಪ್ ತೆಗೆಯಿರಿ. ಈ ಕ್ಲಿಪ್ ಉಳಿದುಕೊಂಡರೆ ಮುಂದಿನ ಹೆಜ್ಜೆಯಲ್ಲಿ ಎಷ್ಟು ಎಳೆದರೂ ಏನೂ ಬರುವುದಿಲ್ಲ.

ಮುಂದಿನ ಹೆಜ್ಜೆ ನೋಡಿದವರಿಗೆ ಸ್ವಲ್ಪ ಒರಟು ಅನ್ನಿಸುತ್ತದೆ. ಟ್ಯೂಬನ್ನು ಕಾಲಿನೊಳಗೆ ಸ್ವಲ್ಪ ತಳ್ಳಿ, ಝಾಡಿಸಿ ಹೊರಗೆ ಎಳೆಯಬೇಕು. ಟಕ್. ಮತ್ತೆ ತಳ್ಳಿ, ಟಕ್. ಟ್ಯೂಬಿನ ತುದಿಯ ಬುಷ್ ಒಳಗಿನಿಂದ ಕಾಲಿನ ಬುಷ್‌ಗೆ ಬಡಿದು, ಅದರ ಮೇಲಿನ ವಾಷರ್, ಆಯಿಲ್ ಸೀಲ್ ಎಲ್ಲವನ್ನೂ ಜೊತೆಗೇ ಹೊರಗೆ ತಳ್ಳುತ್ತದೆ. ಕೆಲವು ಸಣ್ಣ ಬೈಕುಗಳಲ್ಲಿ ಬೇರೆ ಬುಷ್ ಇರುವುದೇ ಇಲ್ಲ, ಅಲ್ಲಿ ಟ್ಯೂಬ್ ಸುಮ್ನೆ ಜಾರಿ ಬರುತ್ತದೆ. ಸೀಲನ್ನು ಮಾತ್ರ ಬೇರೆಯಾಗಿ ಎಬ್ಬಿಸಬೇಕು.

ಹೊರಬಂದ ಪ್ರತಿಯೊಂದನ್ನೂ ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಂದು ಫೋರ್ಕ್ ಜೋಡಿಸಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ, ಅನುಮಾನ ಬಂದರೆ ನೋಡಿಕೊಳ್ಳಲು ಒಂದು ಮಾದರಿ ಉಳಿಯುತ್ತದೆ. ಸಾಲಿನಲ್ಲಿ ರಾಡಿನ ಬುಡಕ್ಕೆ ಟೋಪಿಯಂತೆ ಕೂರುವ ಒಂದು ಸಣ್ಣ ತುಂಡು ಇರುತ್ತದೆ, ಅದನ್ನು ಆಯಿಲ್ ಲಾಕ್ ಪೀಸ್ ಅನ್ನುತ್ತಾರೆ. ಫೋರ್ಕ್ ಪೂರ್ತಿ ಕುಗ್ಗುವ ಕೊನೆಯ ಗಳಿಗೆಯಲ್ಲಿ ಆಯಿಲನ್ನು ಹಿಡಿದಿಟ್ಟು, ಲೋಹಕ್ಕೆ ಲೋಹ ಬಡಿಯದಂತೆ ಕಾಪಾಡುವುದು ಅದೇ. ಅದು ಕಾಲಿನ ತಳದಲ್ಲಿ ಅಂಟಿಕೊಂಡು ಒಳಗೇ ಉಳಿಯುವುದೂ ಉಂಟು. ನಾನು ಒಮ್ಮೆ ಎಲ್ಲ ಜೋಡಿಸಿ ಕೈ ತೊಳೆದು ಬಂದ ಮೇಲೆ ಅದು ಬಟ್ಟೆಯ ಮಡಿಕೆಯಲ್ಲಿ ನನ್ನನ್ನೇ ನೋಡುತ್ತಿತ್ತು. ಮತ್ತೆ ಮೊದಲಿನಿಂದ ಶುರು.

ತೊಳೆದ ಮೇಲೆ ನೋಡಬೇಕಾದ್ದು ಮುಖ್ಯವಾಗಿ ಎರಡು. ಬುಷ್‌ಗಳ ಮೇಲೆ ಬೂದು ಬಣ್ಣದ ಟೆಫ್ಲಾನ್ ಪದರ ಇರುತ್ತದೆ. ಅದು ಸವೆದು ಕೆಳಗಿನ ತಾಮ್ರದ ಬಣ್ಣ ಕಾಣಿಸುತ್ತಿದ್ದರೆ ಬದಲಿಸುವ ಹೊತ್ತು ಬಂದಿದೆ. ಇನ್ನೊಂದು, ಟ್ಯೂಬ್. ಸೀಲ್ ಓಡಾಡುವ ಜಾಗದಲ್ಲಿ ಉಗುರು ಆಡಿಸಿ. ತುಕ್ಕಿನ ಚುಕ್ಕಿ ಅಥವಾ ಗೀರು ಉಗುರಿಗೆ ತಗುಲಿದರೆ ಅದು ಸೀಲಿನ ತುಟಿಯನ್ನೂ ಕತ್ತರಿಸುತ್ತದೆ. ಸಣ್ಣ ಏಣನ್ನು ತೀರಾ ನುಣುಪಾದ ಎಮರಿ ಹಾಳೆಯಿಂದ ಇಳಿಸಬಹುದು, ಕ್ರೋಮ್ ಸಿಪ್ಪೆ ಏಳುತ್ತಿದ್ದರೆ ಟ್ಯೂಬನ್ನೇ ಬದಲಿಸಬೇಕು. ಬಗ್ಗಿದ ಟ್ಯೂಬನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಅಂದಾಜು ಸಿಗುತ್ತದೆ. ಸರಿಯಾದ ಅಳತೆಗೆ ವಿ-ಬ್ಲಾಕ್, ಡಯಲ್ ಗೇಜ್ ಬೇಕು.

ಅಂದ ಹಾಗೆ, ಬರೀ ಸೀಲ್ ಸೋರುತ್ತಿದೆ ಅಂತ ಫೋರ್ಕ್ ಬಿಚ್ಚಲು ಹೊರಟಿದ್ದರೆ ಒಂದು ನಿಮಿಷ. ಎಷ್ಟೋ ಸಲ ಸೀಲಿನ ತುಟಿಯಲ್ಲಿ ಸಿಕ್ಕ ಮರಳು ಕಣವೇ ಸೋರಿಕೆಗೆ ಕಾರಣ. ಡಸ್ಟ್ ಸೀಲ್ ಎಬ್ಬಿಸಿ, ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ತುಟಿಯ ಸುತ್ತ ಆಡಿಸಿ ಕಣ ತೆಗೆದರೆ ಸೋರುವುದು ನಿಂತರೂ ನಿಲ್ಲಬಹುದು. ಸೋರಿಕೆಯನ್ನು ಹಾಗೇ ಬಿಡುವುದು ಮಾತ್ರ ಬೇಡ, ಆಯಿಲ್ ಇಳಿದು ಸೇರುವುದು ಬ್ರೇಕ್ ಪ್ಯಾಡಿಗೆ.

ತೂತಿನ ಕೆಲಸವನ್ನು ವಾಲ್ವಿಗೆ ಒಪ್ಪಿಸುವುದು

ದೊಡ್ಡ ಬೈಕುಗಳ ಕಾರ್ಟ್ರಿಜ್ ಫೋರ್ಕುಗಳಲ್ಲಿ ಆಯಿಲ್ ಬರೀ ತೂತಿನ ಮೂಲಕ ಹೋಗುವುದಿಲ್ಲ. ಪಿಸ್ಟನ್ ಮೇಲೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಒತ್ತಡ ಜಾಸ್ತಿಯಾದಂತೆ ಬಿಲ್ಲೆಗಳು ಬಗ್ಗಿ ದಾರಿ ಅಗಲವಾಗುತ್ತದೆ. ನಿಧಾನದ ಚಲನೆಗೆ ತಡೆ ಇದೆ, ಏಟಿಗೆ ಬಾಗಿಲು ತೆರೆಯುತ್ತದೆ. ತೂತಿಗೆ ಈ ಬುದ್ಧಿ ಇಲ್ಲ.

ಡ್ಯಾಂಪರ್ ರಾಡ್ ಫೋರ್ಕಿಗೆ ಅದೇ ಬುದ್ಧಿಯನ್ನು ಕೊಡುವ ಸಾಧನವೇ ಕಾರ್ಟ್ರಿಜ್ ಎಮ್ಯುಲೇಟರ್. ಬೆರಳ ಗಾತ್ರದ ಒಂದು ವಾಲ್ವ್. ರಾಡಿನ ತಲೆಯ ಮೇಲೆ ಕೂರುತ್ತದೆ, ಮೇಲಿನಿಂದ ಮುಖ್ಯ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿಯುತ್ತದೆ. ಅದರಲ್ಲಿ ಒಂದು ಸಣ್ಣ ತೂತು, ಮತ್ತೆ ಪುಟ್ಟ ಸ್ಪ್ರಿಂಗ್ ಮುಚ್ಚಿ ಹಿಡಿದ ಒಂದು ಬಾಗಿಲು. ಬ್ರೇಕ್ ಹಿಡಿದಾಗ ಆಯಿಲ್ ಆ ಸಣ್ಣ ತೂತಿನಲ್ಲೇ ಹೋಗಬೇಕು, ಹಾಗಾಗಿ ಮೂತಿ ಸಾವಕಾಶವಾಗಿ ಬಗ್ಗುತ್ತದೆ. ಗುಂಡಿ ಬಂದಾಗ ಒತ್ತಡ ಏರಿ ಬಾಗಿಲು ತೆರೆದುಕೊಳ್ಳುತ್ತದೆ. ಪುಟ್ಟ ಸ್ಪ್ರಿಂಗಿನ ಬಿಗಿಯನ್ನು ಬೋಲ್ಟ್ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು.

ಆದರೆ ಒಂದು ಷರತ್ತು. ರಾಡಿನ ಬುಡದ ಹಳೇ ತೂತುಗಳು ಹಾಗೇ ಉಳಿದರೆ ಆಯಿಲ್ ಮೊದಲು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮೇಲಿನ ವಾಲ್ವಿಗೆ ಕೆಲಸವೇ ಇರುವುದಿಲ್ಲ. ಅದಕ್ಕೇ ಆ ತೂತುಗಳನ್ನು ದೊಡ್ಡದು ಮಾಡಿ, ಸಂಖ್ಯೆಯನ್ನೂ ಹೆಚ್ಚಿಸಬೇಕು. ಸಾಮಾನ್ಯವಾಗಿ 8 ಮಿ.ಮೀ. ಅಗಲದ 6 ತೂತು ಕೇಳುತ್ತಾರೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊರೆದರೆ ರಾಡ್ ಬಲ ಕಳೆದುಕೊಳ್ಳುತ್ತದೆ. ಎದುರು ಬದುರು ಎರಡು, ಸ್ವಲ್ಪ ಮೇಲೆ ಕಾಲು ಸುತ್ತು ತಿರುಗಿಸಿ ಇನ್ನೆರಡು, ಹೀಗೆ ಹೋಗಬೇಕು. ಕೊರೆದ ಮೇಲೆ ಒಳಗೂ ಹೊರಗೂ ಏಳುವ ಏಣುಗಳನ್ನು ಅರದಿಂದ ನುಣುಪು ಮಾಡಿ ಚೆನ್ನಾಗಿ ತೊಳೆಯಿರಿ. ಒಂದು ಲೋಹದ ಚೂರು ಉಳಿದರೂ ಅದು ವಾಲ್ವಿನ ಬಾಯಿಗೆ ಹೋಗಿ ಕೂರುತ್ತದೆ. ಮೇಲಿನ ರಿಬೌಂಡ್ ತೂತುಗಳನ್ನು ಮುಟ್ಟಲೇಬೇಡಿ. ಇದು ವಾಪಸ್ ಹೋಗಲಾಗದ ಕೆಲಸ. ಕೊರೆದ ರಾಡನ್ನು ಎಮ್ಯುಲೇಟರ್ ಇಲ್ಲದೆ ಹಾಕಿದರೆ ಕಂಪ್ರೆಷನ್ ತಡೆ ಅನ್ನುವುದೇ ಇರುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ಎಮ್ಯುಲೇಟರ್ ನೋಡಿಕೊಳ್ಳುವುದು ಕಂಪ್ರೆಷನ್ ಮಾತ್ರ. ರಿಬೌಂಡ್ ಈಗಲೂ ಆ ಸಣ್ಣ ತೂತುಗಳ ಕೈಯಲ್ಲೇ ಇದೆ. ಗಟ್ಟಿ ಸ್ಪ್ರಿಂಗ್ ಹಾಕಿದ್ದೇವೆ, ಅದು ಹಿಂದಿಗಿಂತ ಜೋರಾಗಿ ಪುಟಿಯುತ್ತದೆ, ಅದನ್ನು ಹಿಡಿಯಲು ತೂತಿನಲ್ಲಿ ಜಾಸ್ತಿ ತಡೆ ಬೇಕು. ಅಂದರೆ? ದಪ್ಪ ಆಯಿಲ್! ಎಲ್ಲರೂ ಹೇಳಿದ್ದ ಮದ್ದಿಗೆ ಕೊನೆಗೂ ಒಂದು ರೋಗ ಸಿಕ್ಕಿತು. ಏಟಿನ ಚಿಂತೆಯನ್ನು ವಾಲ್ವ್ ವಹಿಸಿಕೊಂಡ ಮೇಲೆ, ಆಯಿಲಿನ ದಪ್ಪವನ್ನು ರಿಬೌಂಡ್ ಒಂದಕ್ಕೇ ನೋಡಿ ಆರಿಸಬಹುದು.

ಆರಿಸುವಾಗ ಡಬ್ಬದ ಮೇಲಿನ 10ಡಬ್ಲ್ಯು, 15ಡಬ್ಲ್ಯು ನಂಬಿ ಮೋಸ ಹೋಗಬೇಡಿ. ಫೋರ್ಕ್ ಆಯಿಲಿನಲ್ಲಿ ಒಂದು ಕಂಪನಿಯ 10 ಇನ್ನೊಂದು ಕಂಪನಿಯ 10ರಷ್ಟೇ ದಪ್ಪ ಇರಬೇಕೆಂದಿಲ್ಲ. ಹೋಲಿಸಲು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲಿನ ದಪ್ಪದ ಅಳತೆ) ಅನ್ನುವ ಅಂಕಿ ನೋಡಿ.

ಮತ್ತೆ ಜೋಡಿಸುವುದು

ಬಿಚ್ಚಿದ್ದರ ಉಲ್ಟಾ ಅಂತ ಹೇಳಿ ಮುಗಿಸುವುದು ಸುಲಭ, ಆದರೆ ಸೀಲ್ ಹಾಳಾಗುವುದು ಬಹುತೇಕ ಇದೇ ಹೊತ್ತಿಗೆ. ಟ್ಯೂಬಿನ ಚೂಪು ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಮುಚ್ಚಿ, ಮೇಲೆ ಆಯಿಲ್ ಸವರಿ, ಆಮೇಲೆ ಸೀಲ್ ಇಳಿಸಿ. ಕಾಲಿನೊಳಗೆ ಮೊದಲು ಬುಷ್, ಅದರ ಮೇಲೆ ವಾಷರ್, ಆಮೇಲೆ ಅಕ್ಷರ ಮೇಲಕ್ಕೆ ಕಾಣುವಂತೆ ಸೀಲ್, ಕ್ಲಿಪ್, ಡಸ್ಟ್ ಸೀಲ್. ಸೀಲನ್ನು ಸ್ಕ್ರೂಡ್ರೈವರ್‌ನಿಂದ ಒಂದೊಂದು ಮೂಲೆ ಬಡಿದು ಕೂರಿಸುವ ಆಸೆ ಬರುತ್ತದೆ, ಬೇಡ. ಸೀಲ್ ಡ್ರೈವರ್ ಇಲ್ಲದಿದ್ದರೆ ಸರಿಯಾದ ಅಳತೆಯ ಪ್ಲಾಸ್ಟಿಕ್ ಪೈಪಿನ ತುಂಡು ಸಾಕು. ಕ್ಲಿಪ್ಪಿನ ಗೆರೆ ಪೂರ್ತಿ ಕಂಡರೆ ಸೀಲ್ ಕೂತಿದೆ ಅಂತ ಅರ್ಥ.

ಆಯಿಲ್ ಎಷ್ಟು ಹಾಕಬೇಕು ಅನ್ನುವುದನ್ನು ಮಿಲಿಲೀಟರ್ ಲೆಕ್ಕದಲ್ಲಿ ಅಳೆದರೆ ಅಂದಾಜಷ್ಟೇ, ಯಾಕೆಂದರೆ ಒಳಗೆ ಅಂಟಿಕೊಂಡ ಹಳೇ ಆಯಿಲ್ ಎಷ್ಟು ಅಂತ ತಿಳಿಯುವುದಿಲ್ಲ. ಸುರಿದು, ಬುಳುಬುಳು ನಿಲ್ಲುವವರೆಗೆ ಟ್ಯೂಬನ್ನು ನಿಧಾನ ಮೇಲೆ ಕೆಳಗೆ ಆಡಿಸಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಸ್ಪ್ರಿಂಗ್ ಹಾಕದೆ, ಫೋರ್ಕನ್ನು ಪೂರ್ತಿ ಕುಗ್ಗಿಸಿ, ನೆಟ್ಟಗೆ ನಿಲ್ಲಿಸಿ, ಟ್ಯೂಬಿನ ಬಾಯಿಂದ ಆಯಿಲ್ ಎಷ್ಟು ಕೆಳಗಿದೆ ಅಂತ ಅಳೆಯಿರಿ. ಎಮ್ಯುಲೇಟರ್ ಹಾಕುವುದಿದ್ದರೆ ಅದನ್ನು ಕೂರಿಸಿದ ಮೇಲೆಯೇ ಈ ಅಳತೆ. ಎರಡೂ ಕಾಲಿನಲ್ಲಿ ಒಂದೇ ಬರಬೇಕು. ಸಿರಿಂಜಿಗೆ ಸಣ್ಣ ಕೊಳವೆ ಸಿಕ್ಕಿಸಿ, ಬೇಕಾದ ಆಳಕ್ಕೆ ಗುರುತು ಮಾಡಿ, ಹೆಚ್ಚಿದ್ದನ್ನು ಹೀರಿದರೆ ಕೆಲಸ ಕರಾರುವಾಕ್ಕಾಗಿ ಆಗುತ್ತದೆ. ಆಗಲೇ ಹೇಳಿದ ಗಾಳಿ ಸ್ಪ್ರಿಂಗ್ ಇದೇ. ಆಯಿಲ್ ಮಟ್ಟ 10 ಮಿ.ಮೀ. ಏರಿಸಿದರೆ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ, ಕೊನೆಯಲ್ಲಿ ಫೋರ್ಕ್ ಎದ್ದು ಕಾಣುವಷ್ಟು ಗಟ್ಟಿಯಾಗುತ್ತದೆ. ಜಾಸ್ತಿ ಏರಿಸಿದರೆ ಫೋರ್ಕ್ ಪೂರ್ತಿ ಕುಗ್ಗದೆ ಸೀಲ್ ಮೇಲೆ ಒತ್ತಡ ಬೀಳುತ್ತದೆ.

ಎಮ್ಯುಲೇಟರಿನ ಎತ್ತರದಷ್ಟು ಸ್ಪೇಸರನ್ನು ಕತ್ತರಿಸಲು ಮರೆಯಬೇಡಿ, ಇಲ್ಲದಿದ್ದರೆ ಪ್ರೀಲೋಡ್ ಅಷ್ಟು ಏರುತ್ತದೆ. ಹೊಸ ಸ್ಪ್ರಿಂಗಿನ ಉದ್ದ ಬೇರೆಯಾದರೆ ಆ ಲೆಕ್ಕವನ್ನೂ ಸೇರಿಸಿ.

ಚಕ್ರ ಹಾಕುವಾಗ ಆಕ್ಸಲ್ ಬಿಗಿ ಮಾಡಿ, ಬೈಕನ್ನು ನೆಲಕ್ಕಿಳಿಸಿ, ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಕುಗ್ಗಿಸಿ, ಆಮೇಲೆಯೇ ಆಕ್ಸಲ್ ಹಿಡಿಯುವ ಪಿಂಚ್ ಬೋಲ್ಟ್ ಬಿಗಿಯಿರಿ. ಆಗ ಎರಡು ಕಾಲೂ ತಮ್ಮಷ್ಟಕ್ಕೆ ಸಮನಾಗಿ ಕೂರುತ್ತವೆ. ಕೆಳಗಿನ ಕ್ಲಾಂಪನ್ನು ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಬಿಗಿದರೆ ಟ್ಯೂಬ್ ಹಿಸುಕಿದಂತಾಗಿ ಹೊಸ ಬುಷ್ ಕೂಡ ಉಜ್ಜುತ್ತದೆ. ಹೊರಡುವ ಮೊದಲು ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತಿ. ಡಿಸ್ಕ್ ಮೇಲೆ ಆಯಿಲ್ ಕಲೆ ಇಲ್ಲವೆಂದು ನೋಡಿ.

ಇನ್ನು ಉಳಿದದ್ದು ಅಳತೆ. ಚಕ್ರ ಗಾಳಿಯಲ್ಲಿರುವಾಗ ಕಾಣುವ ಕ್ರೋಮಿನ ಉದ್ದ ಅಳೆಯಿರಿ. ಆಮೇಲೆ ನೀವು ಸವಾರಿಯ ಉಡುಪು ಹಾಕಿಕೊಂಡು ಕೂತಾಗ ಇನ್ನೊಬ್ಬರಿಂದ ಅಳೆಸಿ. ಈ ವ್ಯತ್ಯಾಸವೇ ಸ್ಯಾಗ್. ರಸ್ತೆ ಬೈಕಿಗೆ 30ರಿಂದ 35 ಮಿ.ಮೀ. ಒಳ್ಳೆಯ ಶುರು. ಒಂದು ಸಲ ಫೋರ್ಕನ್ನು ಒತ್ತಿ ನಿಧಾನ ಏಳಲು ಬಿಟ್ಟು, ಇನ್ನೊಂದು ಸಲ ಎತ್ತಿ ನಿಧಾನ ಇಳಿಯಲು ಬಿಟ್ಟು ಅಳೆದು ಸರಾಸರಿ ತೆಗೆಯಿರಿ. ಎರಡು ಅಳತೆಯ ನಡುವಿನ ಅಂತರ ಎಷ್ಟೋ, ಫೋರ್ಕಿನೊಳಗೆ ಉಜ್ಜಾಟ ಅಷ್ಟು. ಪ್ರೀಲೋಡ್ ಅನ್ನುವುದು ಬೇಕಾದದ್ದು ಈ ಸ್ಯಾಗ್ ಸರಿಮಾಡಲಿಕ್ಕೆ.

ಕೊನೆಗೆ ಟ್ಯೂಬಿಗೆ ಒಂದು ಪ್ಲಾಸ್ಟಿಕ್ ಟೈ ಸಡಿಲವಾಗಿ ಕಟ್ಟಿ, ಡಸ್ಟ್ ಸೀಲಿಗೆ ತಾಗುವಂತೆ ಇಳಿಸಿ ಸವಾರಿ ಹೋಗಿ. ಫೋರ್ಕ್ ಎಷ್ಟು ಕುಗ್ಗಿತೋ ಅಷ್ಟು ಮೇಲೆ ಟೈ ತಳ್ಳಿಕೊಂಡು ನಿಂತಿರುತ್ತದೆ. ನನ್ನದು ಮೊದಲ ದಿನ ಎಂಥ ಗುಂಡಿಗೆ ಬಿದ್ದರೂ ಕೊನೆಯ 30 ಮಿ.ಮೀ. ಮುಟ್ಟಲೇ ಇಲ್ಲ. ಮುಚ್ಚಳ ತೆಗೆದು, ಎರಡೂ ಕಾಲಿನಿಂದ ಸಿರಿಂಜಿನಲ್ಲಿ ಒಂದಿಷ್ಟು ಆಯಿಲ್ ಹೀರಿ ಮಟ್ಟವನ್ನು 10 ಮಿ.ಮೀ. ಇಳಿಸಿದೆ. ಮರುದಿನ ಅದೇ ರಸ್ತೆಯಲ್ಲಿ ಟೈ ಇನ್ನೂ ಸ್ವಲ್ಪ ಮೇಲೇರಿತ್ತು, ಮಣಿಕಟ್ಟು ಸುಮ್ಮನಿತ್ತು.